ನಕ್ಕರೆ ಮಾತ್ರ ತೆಗೆಯುವ ಕ್ಯಾಮೆರಾ

"ನಾಳೆ ಹತ್ತು ಗಂಟೆಗೆ ಅಂಗಡಿ ತೆಗೀತಾರೆ. ಹತ್ತೂವರೆಗೆ ನಾನು ಕ್ಯಾಮೆರಾ ಜೇಬಿಗೆ ಹಾಕ್ಕೊಂಡು ಈಚೆ ಬಂದಿರ್ತೀನಿ," ಎಂದು ಇವಾಕಿಚಿ ತೋಫು ಅಂಗಡಿಯ ಒಕಿಮಿಯ ಮುಂದೆ ನಿಂತು ಘೋಷಿಸಿದ.

ಹೇಳುವುದಕ್ಕೆ ಅವನಿಗೆ ಹಕ್ಕಿತ್ತು ಅನ್ನಿ. ಸಕಾಯಿ ಊರಿನಲ್ಲಿ ನಲವತ್ತನಾಲ್ಕು ವರ್ಷ ಅಡುಗೆ ಚೂರಿಗಳಿಗೆ ಸಾಣೆ ಹಿಡಿದ ಕೈ ಅದು. ಉಕ್ಕನ್ನು ಉಗುರಿನಿಂದ ತಟ್ಟಿ, ಅದರ ದನಿ ಕೇಳಿ, ಇದು ಮೀನಿಗೆ, ಇದು ಮೂಲಂಗಿಗೆ, ಇದು ಗುಜರಿಗೆ ಎಂದು ತೀರ್ಪು ಕೊಟ್ಟ ಕಿವಿ ಅದು. ಅಂಥವನಿಗೆ ಅಂಗೈಯಲ್ಲಿ ಅಡಗುವ ಒಂದು ಡಬ್ಬಿ ಆರಿಸುವುದು ಯಾವ ಮಹಾ ಕೆಲಸ? ಒಕಿಮಿ ನಕ್ಕಳು. ಅವಳ ನಗುವಿಗೆ ಅರ್ಥ ಹುಡುಕಬಾರದು. ಬಿಸಿಲು ಬಂದರೂ ನಗುತ್ತಾಳೆ, ಸೋಯಾ ಹಾಲು ಚೆಲ್ಲಿದರೂ ನಗುತ್ತಾಳೆ. ಗಂಡ ಸತ್ತ ಮೇಲೆ ಒಂದು ವರ್ಷ ನಿಲ್ಲಿಸಿದ್ದಳು, ಆಮೇಲೆ ಆ ಬಾಕಿಯನ್ನೂ ಸೇರಿಸಿ ನಗತೊಡಗಿದ್ದಾಳೆ ಎಂದು ನಮ್ಮ ಓಣಿಯವರು ಹೇಳುವುದುಂಟು.

ಕ್ಯಾಮೆರಾ ಬೇಕಾದದ್ದು ಹೆಂಡತಿ ನೊಬುಯೊಳ ಸಲುವಾಗಿ. ಮಾರ್ಚ್ ತಿಂಗಳಲ್ಲಿ, ಚೆರ್ರಿ ಮೊಗ್ಗು ಬಿರಿಯುವ ಮೊದಲೇ, ಅವಳು ತೊತ್ತೊರಿ ಕಡೆಯ ತವರಿಗೆ ಹೋಗಿದ್ದಳು. ತೊಂಬತ್ತೊಂದು ವರ್ಷದ ತಾಯಿ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಎರಡು ವಾರದಲ್ಲಿ ಬರುತ್ತೇನೆಂದು ಹೋದವಳು. ಈಗ ನವೆಂಬರ್. ಓಣಿಯ ಕೊನೆಯ ಕಾಕಿ ಮರದಲ್ಲಿ ಎಲೆಯೆಲ್ಲ ಉದುರಿ ಕಿತ್ತಳೆ ಬಣ್ಣದ ಹಣ್ಣುಗಳು ಮಾತ್ರ ತೂಗುತ್ತಿದ್ದವು.

ಭಾನುವಾರಕ್ಕೊಮ್ಮೆ ಅವಳ ಫೋನು ಬರುತ್ತಿತ್ತು. ಇವಾಕಿಚಿ ಆ ದಿನ ಬೆಳಿಗ್ಗೆಯೇ ಗಡ್ಡ ಹೆರೆದು, ಶುಭ್ರ ಅಂಗಿ ತೊಟ್ಟು ಫೋನಿನ ಪಕ್ಕ ಕೂರುತ್ತಿದ್ದ. ಗಂಟೆ ಬಾರಿಸಿದರೆ ನಾಲ್ಕು ಸಲ ಬಾರಿಸಲು ಬಿಟ್ಟು, ಎಲ್ಲೋ ದೊಡ್ಡ ಕೆಲಸದಿಂದ ಎದ್ದು ಬಂದವನ ಹಾಗೆ ಎತ್ತುತ್ತಿದ್ದ. ಅವಳು ಊಟ ಕೇಳಿದರೆ ಆಯ್ತು ಎನ್ನುವನು. ಆರೋಗ್ಯ ಕೇಳಿದರೆ ಗುಂಡುಕಲ್ಲು ಎನ್ನುವನು. ಇನ್ನೂ ಸ್ವಲ್ಪ ದಿನ ಇಲ್ಲೇ ಇರಬೇಕಾಗುತ್ತೇನೋ ಎಂದು ಅವಳು ಎಳೆದರೆ, "ಇರು, ಇಲ್ಲೇನೂ ಅವಸರ ಇಲ್ಲ, ನಿಧಾನವಾಗಿ ಬಾ," ಎನ್ನುವನು. ಫೋನು ಇಟ್ಟ ಮೇಲೆ ಅದೇ ಫೋನನ್ನು ಅರ್ಧ ಗಂಟೆ ನೋಡುತ್ತ ಕೂರುವನು. ಹೆಂಡತಿಯನ್ನು ಬಾಯಿಬಿಟ್ಟು ಬಾ ಎಂದು ಕರೆಯುವುದು ಆ ಕಾಲದ ಗಂಡಸರಿಗೆ ಬಟ್ಟೆಯಿಲ್ಲದೆ ಪೇಟೆಗೆ ಹೋದಂತೆ.

ಕಳೆದ ಭಾನುವಾರ ಮಾತ್ರ ನೊಬುಯೊ ಬೇರೆ ಮಾತಾಡಿದಳು. "ರೀ, ನಿಮ್ಮ ಮುಖ ಮರೆತೇಹೋಗ್ತಿದೆ. ದಿನದಿನದ ಫೋಟೊ ಒಂದಷ್ಟು ಕಳಿಸಿ. ಕೂರೋದು, ಉಣ್ಣೋದು, ಮನೆ, ಓಣಿ. ಮದುವೆ ಫೋಟೊ ಥರ ಸೆಟೆದು ನಿಲ್ಲೋದು ಬೇಡ. ಸುಮ್ಮನೆ ಹೇಗಿದೀರೋ ಹಾಗೆ."

ಹೂಂ ಎಂದಿದ್ದ. ಆ ಹೂಂ ಈಗ ಅವನನ್ನು ನಂಬಾ ಪೇಟೆಯ ಆರು ಅಂತಸ್ತಿನ ಅಂಗಡಿಗೆ ತಂದು ನಿಲ್ಲಿಸಿತ್ತು.

ಎರಡನೇ ಮಹಡಿ ಪೂರ್ತಿ ಕ್ಯಾಮೆರಾ. ಸಾಲುಸಾಲಾಗಿ ತಂತಿ ಕಟ್ಟಿಸಿಕೊಂಡು ಕೂತಿದ್ದವು, ಸಂತೆಯಲ್ಲಿ ಹಗ್ಗ ಹಾಕಿದ ಮರಿಗಳ ಹಾಗೆ. ಮೇಲಿನಿಂದ ಅಂಗಡಿಯ ಹೆಸರನ್ನೇ ಕೂಗುವ ಹಾಡು ಮುಗಿಯುತ್ತಿದ್ದಂತೆ ಮತ್ತೆ ಶುರುವಾಗುತ್ತಿತ್ತು. ಇವಾಕಿಚಿ ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿದ. ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ. ಒಂದು ಕಣ್ಣು ಮುಚ್ಚಿ, ಅದರ ಅಂಚು ನೆಟ್ಟಗಿದೆಯೇ ಎಂದು ದೀಪದ ಕಡೆ ಹಿಡಿದು ನೋಡಿದ. ನಲವತ್ತೆಂಟು ಕ್ಯಾಮೆರಾಗಳ ಅಂಚು ನೋಡಿ ಮುಗಿಸುವ ಹೊತ್ತಿಗೆ ಗಂಟೆ ಒಂದಾಗಿತ್ತು. ಎಲ್ಲ ನೆಟ್ಟಗೇ ಇದ್ದವು. ಅದೇ ತೊಂದರೆ.

ಇಗರಾಶಿ ಎಂದು ಎದೆಯ ಮೇಲೆ ಹೆಸರಿನ ಪಟ್ಟಿ ಚುಚ್ಚಿಕೊಂಡಿದ್ದ ಅಂಗಡಿಯ ಹುಡುಗಿ ಬಂದು ಬಾಗಿ ವಂದಿಸಿ, ದೂರದ್ದು ಹತ್ತಿರ ಕಾಣುವುದು ಬೇಕೋ, ಕೈ ನಡುಗಿದರೂ ಚಿತ್ರ ನಡುಗದಿರುವುದು ಬೇಕೋ, ನೀರಲ್ಲಿ ಮುಳುಗಿಸುವಂಥದು ಬೇಕೋ, ವಿಡಿಯೋ ಎಷ್ಟು ಹೊತ್ತಿನದು ಬೇಕೋ ಎಂದು ಕೇಳಿದಳು. ಕೈ ನಡುಗುವ ಮಾತಿಗೆ ಇವಾಕಿಚಿಗೆ ಸಿಟ್ಟು ಬಂತು. ತನ್ನ ಕೈ ಈವರೆಗೆ ನಡುಗಿಲ್ಲವೆಂದು ಹೇಳಿ, ಪುಕ್ಕಟೆ ಇಟ್ಟಿದ್ದ ಹನ್ನೊಂದು ಪುಸ್ತಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಹಳೇ ಪತ್ರಿಕೆಯ ಹಿಂದೆ ಗೆರೆ ಎಳೆದು ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದ. ಮರುದಿನ ಮತ್ತೆ ಹೋದ. ಅದರ ಮರುದಿನವೂ. ನಾಲ್ಕನೆಯ ದಿನಕ್ಕೆ ಅಂಗಡಿಯ ಹಾಡು ಅವನ ಬಾಯಿಗೆ ಬಂತು. ಏಳನೆಯ ದಿನ ಯಾರೋ ಗಿರಾಕಿ ಇವನನ್ನೇ ಅಂಗಡಿಯವನೆಂದು ತಿಳಿದು ಬೆಲೆ ಕೇಳಿದ. ಇವಾಕಿಚಿ ಹೇಳಿಯೂ ಹೇಳಿದ, ಸರಿಯಾಗಿಯೇ ಹೇಳಿದ. "ಹತ್ತೂವರೆ ಆಯ್ತಾ ಅಣ್ಣಾ?" ಎಂದು ಒಕಿಮಿ ದಿನವೂ ಸಂಜೆ ಕೇಳುತ್ತಿದ್ದಳು.

ಒಂಬತ್ತನೆಯ ದಿನ ಇಗರಾಶಿ ಕ್ಯಾಮೆರಾದ ಮಾತು ಬಿಟ್ಟು, ಫೋಟೊ ತೆಗೆಯುವುದು ಯಾರದ್ದು ಎಂದು ಕೇಳಿದಳು.

"ನನ್ನದೇ."

"ತೆಗೆಯೋರು ಯಾರು, ಯಜಮಾನ್ರೇ?"

ಇವಾಕಿಚಿ ಇದನ್ನು ಯೋಚಿಸಿರಲಿಲ್ಲ. ಒಂಬತ್ತು ದಿನದಲ್ಲಿ ಸಾವಿರ ಸಂಗತಿ ಯೋಚಿಸಿದ್ದ, ಮನೆಯಲ್ಲಿ ಗುಂಡಿ ಒತ್ತುವುದಕ್ಕೆ ಇನ್ನೊಂದು ಬೆರಳಿಲ್ಲ ಎಂಬುದನ್ನು ಬಿಟ್ಟು. ಅವನು ತಡವರಿಸಿ, ಹೆಂಡತಿ ಊರಲ್ಲಿಲ್ಲ ಎಂದ. ಆಮೇಲೆ, ಅವಳಿಗೆ ಕಳಿಸಲಿಕ್ಕೇ ಇದು ಎಂದ. ಆಮೇಲೆ ಅವನ ಬಾಯಿಗೆ ಏನಾಯಿತೋ, ಮಾರ್ಚ್ ತಿಂಗಳಿಂದ ಹಿಡಿದು ಎಲ್ಲ ಹೇಳಿದ. ತವರಿನಲ್ಲಿ ಕಂಪ್ಯೂಟರಿಲ್ಲ, ಟೀವಿ ಮಾತ್ರ ದೊಡ್ಡದಿದೆ ಎಂಬುದನ್ನೂ ಹೇಳಿದ. ಆ ಹುಡುಗಿ ಗಾಜಿನ ಕಪಾಟು ತೆರೆದು ಬೆಳ್ಳಿ ಬಣ್ಣದ ಚಿಕ್ಕದೊಂದನ್ನು ಅವನ ಕೈಗೆ ಇಟ್ಟಳು. ಇದಕ್ಕೆ ಬೆರಳು ಬೇಡ, ಎದುರಿಗಿಟ್ಟು ಕೂತರೆ ಸಾಕು, ಮುಖ ನಕ್ಕ ಕೂಡಲೇ ತಾನೇ ತೆಗೆಯುತ್ತದೆ. ವಿಡಿಯೋ ಬೇಕೆಂದರೆ ಈ ಕೆಂಪು ಗುಂಡಿ. ಒಳಗಿನ ಚಿಕ್ಕ ಕಾರ್ಡನ್ನು ಲಕೋಟೆಯಲ್ಲಿ ಕಳಿಸಿದರೆ ಅವರು ಟೀವಿಯ ಸಂದಿಗೆ ಹಾಕಿ ನೋಡಬಹುದು ಎಂದು ವಿವರಿಸಿದಳು. ಇವಾಕಿಚಿ ಈ ಸಲ ಅಂಚು ನೋಡಲಿಲ್ಲ.

ಮನೆಗೆ ಬಂದವನೇ ಕ್ಯಾಮೆರಾವನ್ನು ಬಟ್ಟೆಪೆಟ್ಟಿಗೆಯ ಮೇಲಿಟ್ಟ. ನಮ್ಮದು ಸಾಲುಮನೆಗಳು, ರೈಲುಡಬ್ಬಿಯ ಹಾಗೆ ಉದ್ದಕ್ಕೆ. ಅಲ್ಲಿಟ್ಟರೆ ಕೂರುವ ಕೋಣೆ, ಅದರಾಚೆ ಅಡುಗೆಮನೆಯ ಮೂಲೆ, ಅದರಾಚೆ ತಲೆಬಾಗಿಲು, ಎಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಎದುರಿಗೆ ಮಂಡಿ ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತ. ಕ್ಯಾಮೆರಾ ಅವನನ್ನು ನೋಡಿತು. ಅವನು ಕ್ಯಾಮೆರಾವನ್ನು ನೋಡಿದ. ಕುಸ್ತಿಗಿಳಿಯುವ ಮುಂಚೆ ಇಬ್ಬರು ಪೈಲ್ವಾನರು ನೋಡಿಕೊಂಡಂತೆ ಕಾಲು ಗಂಟೆ ಕಳೆಯಿತು.

ತುಟಿ ಎಳೆದ. ಆಗಲಿಲ್ಲ. ಹಲ್ಲು ತೋರಿಸಿದ. ಕ್ಯಾಮೆರಾ ಅದನ್ನು ನಗುವೆಂದು ಒಪ್ಪಲಿಲ್ಲ. ಅದರಲ್ಲಿ ದೊಡ್ಡ ನಗು, ಮಧ್ಯಮ ನಗು, ಚೂರು ನಗು ಎಂದು ಮೂರು ಅಳತೆಯಿತ್ತು. ಮರ್ಯಾದೆ ಬಿಟ್ಟು ಚೂರಿಗೆ ಇಳಿಸಿದ. ಅದಕ್ಕೂ ಅವನ ಮುಖ ಸಾಲಲಿಲ್ಲ. ನಗೆ ಬರುವಂಥದನ್ನು ನೆನೆಯೋಣವೆಂದು ಕಣ್ಣು ಮುಚ್ಚಿದ. ತೆರಿಗೆ ಕಚೇರಿಯವನ ಕೂದಲ ಟೋಪನ್ನು ಗಾಳಿ ಎತ್ತಿ ಮೀನಿನ ಬುಟ್ಟಿಗೆ ಹಾಕಿದ್ದು ನೆನಪಾಯಿತು. ಅವತ್ತು ನೊಬುಯೊ ನಕ್ಕು ನಕ್ಕು ಸೇತುವೆಯ ಕಂಬ ಹಿಡಿದುಕೊಂಡಿದ್ದಳು. ಹೊಸದಾಗಿ ಮದುವೆಯಾದಾಗ ತಾನು ಅಕ್ಕಿಯ ಬದಲು ಅಂಟಿನ ಹಿಟ್ಟು ಬೇಯಿಸಿದ್ದು ನೆನಪಾಯಿತು; ಅವತ್ತು ಅವಳು ಚಾಪೆಯ ಮೇಲೆ ಉರುಳಾಡಿದ್ದಳು. ಯಾವ ನಗೆಯ ನೆನಪು ತೆಗೆದರೂ ಅದರೊಳಗೆ ನಗುತ್ತಿದ್ದವಳು ಅವಳೇ. ಇವನು ಬರೀ ಪಕ್ಕದಲ್ಲಿ ನಿಂತಿದ್ದವನು. ಮುಖ ಇನ್ನಷ್ಟು ಬಿಗಿದು, ತಲೆ ತಗ್ಗಿತು.

ಆಗ ಕ್ಯಾಮೆರಾ ಕಚಕ್ ಎಂದಿತು.

ಇವಾಕಿಚಿ ಬೆಚ್ಚಿದ. ಕಚಕ್, ಕಚಕ್ ಎಂದು ಮತ್ತೆ ಎರಡು. ತಾನು ನಗಲಿಲ್ಲ, ಮತ್ತೆ ಇದು ಯಾರನ್ನು ಕಂಡು ಮರುಳಾಯಿತು ಎಂದು ಎದ್ದು ಹೋಗಿ ಪರದೆ ನೋಡಿದರೆ, ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸಾಕೆ ಮದ್ಯದ ಬಟ್ಟಲು ಹಿಡಿದ ಚೆಲುವೆ ನಗುತ್ತಿದ್ದಳು. ಅವನು ತಲೆ ಬಗ್ಗಿಸಿದಾಗಲೆಲ್ಲ ಅವಳ ಮುಖ ಬಯಲಾಗುತ್ತಿತ್ತು. ಅವಳ ನಗುವಿಗೆ ದಣಿವಿಲ್ಲವಲ್ಲ! ನಿಲ್ಲಿಸುವ ಗುಂಡಿ ಹುಡುಕುವಷ್ಟರಲ್ಲಿ ನಲವತ್ತಮೂರು ಚಿತ್ರ ಬಿದ್ದವು. ಎಲ್ಲದರ ಮೂಲೆಯಲ್ಲೂ ಸಿಡಿಲು ಬಡಿದ ಮರದಂತೆ ಇವಾಕಿಚಿಯ ಅರ್ಧ ಮುಖ. ಅಷ್ಟೊತ್ತಿಗೆ ತೋಫು ಕೊಡಲು ಒಕಿಮಿ ಬಂದಳು. ಇವನ ಅವಸ್ಥೆ ಕಂಡು ನಕ್ಕಳು. ಕಚಕ್. ಕಚಕ್ ಕೇಳಿ ಇನ್ನೂ ನಕ್ಕಳು. ಮತ್ತೆ ಕಚಕ್. ಅವಳದೇ ಹದಿನೇಳಾಯಿತು.

ಅಳಿಸುವುದು ಹೇಗೆಂದು ನೋಡಲು ನೂರ ಅರುವತ್ತು ಪುಟದ ಪುಸ್ತಕ ತೆರೆದ. ತಪ್ಪು ಗುಂಡಿ ಒತ್ತಿದರೆ ಎಲ್ಲ ಹೋದೀತು ಎಂಬ ಎಚ್ಚರಿಕೆ ಮೂರನೇ ಪುಟದಲ್ಲೇ ಇತ್ತು. ಅಲ್ಲಿಗೆ ಮುಚ್ಚಿದ.

"ಅಣ್ಣಾ, ವಿಡಿಯೋ ಮಾಡಿ. ಅದಕ್ಕೆ ನಕ್ಕರೂ ಒಂದೇ, ಅತ್ತರೂ ಒಂದೇ," ಎಂದಳು ಒಕಿಮಿ ಕಣ್ಣೊರೆಸಿಕೊಳ್ಳುತ್ತ.

ಮರುದಿನ ಇವಾಕಿಚಿ ಪೇಟೆಯ ಇನ್ನೊಂದು ದೊಡ್ಡ ಅಂಗಡಿಯ ನೆಲಮಾಳಿಗೆಯ ತಿನಿಸಿನ ಮಳಿಗೆಗೆ ಹೋಗಿ ಊಟದ ಡಬ್ಬಿ ತಂದ: ಸುಟ್ಟ ಮೀನು, ಬೇಯಿಸಿದ ಕುಂಬಳ, ಸುರುಳಿ ಮೊಟ್ಟೆ. ಎಲ್ಲವನ್ನೂ ನೊಬುಯೊಳ ನೀಲಿ ತಟ್ಟೆಗಳಿಗೆ ವರ್ಗಾಯಿಸಿದ. ಒಗೆದ ಬಟ್ಟೆಯೆಂದು ಪೆಟ್ಟಿಗೆಯಲ್ಲಿದ್ದ ಹೊಸ ಬಟ್ಟೆಗಳನ್ನೇ ಮಡಚಿ ಪಕ್ಕದಲ್ಲಿಟ್ಟ. ಕೆಂಪು ಗುಂಡಿ ಒತ್ತಿ, ಬಂದು ಕೂತು, ರೇಡಿಯೋದಲ್ಲಿ ವಾರ್ತೆ ಓದುವ ದನಿಯಲ್ಲಿ, ಇದು ಇವತ್ತಿನ ಊಟ, ತಾನೇ ಮಾಡಿದ್ದು, ಮನೆ ಸುಸ್ಥಿತಿಯಲ್ಲಿದೆ, ಚಿಂತೆಗೆ ಕಾರಣವಿಲ್ಲ, ಅತ್ತೆಯವರ ಆರೈಕೆ ಸಾವಕಾಶವಾಗಿ ನಡೆಯಲಿ ಎಂದು ಹೇಳಿ ತಲೆಬಾಗಿದ. ಎದ್ದು ಹೋಗಿ ಗುಂಡಿ ಒತ್ತಿದ. ಒಮ್ಮೆ ಒತ್ತಿ, ಇನ್ನೊಮ್ಮೆ ಒತ್ತಿದ. ಸಾಣೆಯವರ ಪದ್ಧತಿ ಅದು. ಅಲಗಿನ ಹರಿತವನ್ನು ಉಗುರಿನ ಮೇಲೆ ಒಂದು ಸಲ ನೋಡುವುದು ಸಾಣೆಕಲ್ಲಿಗಾಗಿ, ಇನ್ನೊಂದು ಸಲ ಗಿರಾಕಿಗಾಗಿ. ನಲವತ್ತನಾಲ್ಕು ವರ್ಷದಲ್ಲಿ ಅವನು ಯಾವುದನ್ನೂ ಒಂದೇ ಸಲ ಮುಗಿಸಿದವನಲ್ಲ.

ಮರುದಿನ ಕ್ಯಾಮೆರಾ ಎತ್ತಿದರೆ ಅದು ಸತ್ತಂತೆ ತಣ್ಣಗಿತ್ತು. ದಣಿದಿದೆ ಪಾಪ ಎಂದುಕೊಂಡ. ಕಾರ್ಡು ತೆಗೆದು ಲಕೋಟೆಗೆ ಹಾಕಿ, ಜೊತೆಗೆ ಚೀಟಿ ಬರೆದ: "ಮೊದಲು ಬರುವವಳು ಕ್ಯಾಲೆಂಡರಿನವಳು. ಆಮೇಲೆ ಬರುವವಳು ಒಕಿಮಿ. ಕೊನೆಗೆ ನಾನು. ಇಲ್ಲಿ ಎಲ್ಲ ಕ್ಷೇಮ." ಅಂಚೆಗೆ ಹಾಕಿ ಎದೆಯುಬ್ಬಿಸಿಕೊಂಡು ಬಂದ.

ಭಾನುವಾರ ಗಡ್ಡ ಹೆರೆದು ಕೂತ. ಫೋನು ಬರಲಿಲ್ಲ. ಎಂಟು ತಿಂಗಳಲ್ಲಿ ಇದೇ ಮೊದಲು. ಮಧ್ಯಾಹ್ನ ದಾಟಿತು, ದೀಪ ಹಚ್ಚುವ ಹೊತ್ತಾಯಿತು. ಫೋನು ಕೆಟ್ಟಿದೆಯೇನೋ ಎಂದು ಎತ್ತಿ ಕೇಳಿದ, ಚೆನ್ನಾಗಿಯೇ ಗುಂಯ್‌ಗುಟ್ಟುತ್ತಿತ್ತು. ಸೋಮವಾರವೂ ಇಲ್ಲ. ವಿಡಿಯೋ ನೋಡಿ, ಇವರಿಗೆ ನಾನಿಲ್ಲದೆ ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಇನ್ನು ಫೋನಾದರೂ ಯಾಕೆ ಎಂದುಕೊಂಡಳೋ ಏನೋ. ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಬಾರದಿತ್ತು. ಕುಂಬಳವನ್ನಾದರೂ ಸ್ವಲ್ಪ ಸೀಯಿಸಿ ಇಡಬಹುದಿತ್ತು. ಮಂಗಳವಾರ ಅವನಿಗೆ ಊಟ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ಫೋನು ಗಣಗಣಿಸಿತು. ನಾಲ್ಕು ಸಲ ಕಾಯುವ ಪೌರುಷ ಉಳಿದಿರಲಿಲ್ಲ. ಮೊದಲ ಸದ್ದಿಗೇ ಎತ್ತಿದ.

ಆ ಕಡೆ ಇದ್ದದ್ದು ಅತ್ತೆ. ಫೋನು ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎಂದು ನಂಬಿದ್ದ ಮುದುಕಿ. ಕಾರ್ಡು ಶನಿವಾರ ಬಂತೆಂದೂ, ಅಳಿಯಂದಿರು ಪಟ್ಟಣದಿಂದ ಸಿನಿಮಾ ಕಳಿಸಿದ್ದಾರೆಂದು ತಾನೇ ನೆರೆಹೊರೆಯ ಎಂಟು ಜನರನ್ನು ಚಹಾಕ್ಕೆ ಕರೆದೆನೆಂದೂ ಹೇಳಿದರು. ಕ್ಯಾಲೆಂಡರಿನವಳು ಮೂವತ್ತನೆಯ ಸಲ ಬಂದಾಗ ಪಕ್ಕದ ಮನೆಯ ಮುದುಕ ಕನ್ನಡಕ ತರಿಸಿಕೊಂಡನಂತೆ. ಒಕಿಮಿ ಬಂದಾಗ, ಅವಳು ಅಂತ್ಯಕ್ರಿಯೆಯಲ್ಲೂ ನಗುವವಳೆಂದು ನೊಬುಯೊ ಎಲ್ಲರಿಗೂ ವಿವರಿಸಬೇಕಾಯಿತಂತೆ. ಆಮೇಲೆ ಊಟದ ತಟ್ಟೆ.

"ಮೀನಿನ ಪಕ್ಕ ಹಸಿರು ಪ್ಲಾಸ್ಟಿಕ್ ಹುಲ್ಲು ಇತ್ತಲ್ಲ ಅಳಿಯಂದ್ರೇ, ಅದನ್ನೂ ನೀವೇ ಬೆಳೆದ್ರಾ?"

ಊಟದ ಡಬ್ಬಿಗಳಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗದಿರಲೆಂದು ಅಂಗಡಿಯವರು ಸಿಕ್ಕಿಸುವ ಹುಲ್ಲು. ತಟ್ಟೆ ಬದಲಾಯಿಸಿದವನು ಹುಲ್ಲನ್ನೂ ಶ್ರದ್ಧೆಯಿಂದ ಬದಲಾಯಿಸಿದ್ದ. ಇವಾಕಿಚಿ ತಲೆಬಾಗಿಲ ಮೆಟ್ಟಿಲ ಮೇಲೆ ಕೂತ. ಹೋಗಲಿ, ಇಷ್ಟಕ್ಕೇ ಮುಗಿಯಿತಲ್ಲ ಎಂದುಕೊಳ್ಳುವಾಗ ಅತ್ತೆ, ಅದರ ಮುಂದಿನದನ್ನು ಎಲ್ಲರೂ ಮೆಚ್ಚಿಕೊಂಡರು ಎಂದರು.

"ಮುಂದಿನದು? ಮುಂದೆ ಏನೂ ಇಲ್ವಲ್ಲ ಅತ್ತೇ."

"ಇದೆ. ಒಂದು ಗಂಟೆ ಇದೆ."

ಎರಡನೆಯ ಸಲ ಒತ್ತಿದ ಗುಂಡಿ ಕ್ಯಾಮೆರಾವನ್ನು ಮತ್ತೆ ಎಬ್ಬಿಸಿತ್ತು. ಅದು ಪೆಟ್ಟಿಗೆಯ ಮೇಲೆ ಕೂತು, ಕಾರ್ಡು ತುಂಬುವವರೆಗೆ ಮನೆಯನ್ನು ನೋಡಿತ್ತು. ಅತ್ತೆ ಒಂದನ್ನೂ ಬಿಡದೆ ಹೇಳಿದರು. ಇವನು ಊಟದ ಖಾಲಿ ಡಬ್ಬಿಯನ್ನು ಪತ್ರಿಕೆಯಲ್ಲಿ ಸುತ್ತಿ ಕಸದ ತಳಕ್ಕೆ ತುರುಕಿದ್ದು. ನೊಬುಯೊ ಬಿಟ್ಟುಹೋದ ಉಪ್ಪಿನಕಾಯಿ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದು. ದಿನವೂ ಕೈ ಹಾಕಿ ಕಲೆಸದಿದ್ದರೆ, ತರಕಾರಿ ಹೂತಿಡುವ ಅದರ ಅಕ್ಕಿತವುಡು ಹಳಸುತ್ತದೆ. ಅವಳು ಹೋಗುವಾಗ ಅದೊಂದನ್ನೇ ಒಪ್ಪಿಸಿದ್ದಳು. ಮೊಣಕೈವರೆಗೆ ಕೈಯಿಳಿಸಿ, ಕಲೆಸುತ್ತ ಕಲೆಸುತ್ತ ಮಡಕೆಯ ಜೊತೆ ಮಾತಾಡಿದ್ದು.

"ಏನು ಹೇಳಿದ್ರಿ ಗೊತ್ತಾ? 'ನಿಧಾನವಾಗಿ ಬಾ ಅಂದೆ. ಅವಳು ನಿಜ ಅಂದ್ಕೊಂಡ್ಬಿಟ್ಳು ನೋಡು' ಅಂದ್ರಿ. ಮಡಕೆಗೆ."

ಇವಾಕಿಚಿ ತಿರುಗಿ ಅಡುಗೆಮನೆಯ ಮೂಲೆಯ ಮಡಕೆಯನ್ನು ನೋಡಿದ.

"ಆಮೇಲೆ ಎಲ್ಲೋ ಹೋಗಿ ಬಂದ್ರಿ. ಬಾಗಿಲು ತೆಗೆದು 'ಬಂದೆ ಕಣೇ' ಅಂದ್ರಿ. ಖಾಲಿ ಮನೆಗೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ರಿ. ಆಮೇಲೆ ನೀವೇ ಹೆಣ್ಣುದನಿ ತೆಗೆದು 'ಬಂದ್ರಾ' ಅಂದ್ಬಿಟ್ಟು ಚಪ್ಪಲಿ ಬಿಟ್ರಿ. ಎಂಟು ಜನ ಇದ್ರು ನೋಡಿ, ಒಬ್ಬರೂ ಚಹಾ ಕುಡೀಲಿಲ್ಲ. ತಣ್ಣಗಾಗಿ ಹೋಯ್ತು."

ನೆಲ ಬಿರಿದು ನುಂಗಬಾರದೇ ಎನಿಸಿತು. ತೊತ್ತೊರಿ ಜಿಲ್ಲೆ ಪೂರ್ತಿ ಅವನನ್ನು ಬಟ್ಟೆಯಿಲ್ಲದೆ ಪೇಟೆಯಲ್ಲಿ ಕಂಡಾಗಿತ್ತು. "ನೊಬುಯೊ ಎಲ್ಲಿ?" ಎಂದು ಕೇಳುವಷ್ಟು ದನಿ ಹೇಗೋ ಹೊರಟಿತು.

"ಟೀವಿ ಮುಂದೆ. ಶನಿವಾರದಿಂದ ಎದ್ದಿಲ್ಲ. ವಿಡಿಯೋನ ನೀವು ಬಾಗಿಲು ತೆಗೆಯೋ ಜಾಗಕ್ಕೆ ತಂದು ನಿಲ್ಲಿಸ್ತಾಳೆ. ನೀವು 'ಬಂದೆ ಕಣೇ' ಅಂದ ತಕ್ಷಣ ಇಲ್ಲಿಂದ ಉತ್ತರ ಕೊಡ್ತಾಳೆ. ಮತ್ತೆ ಹಿಂದಕ್ಕೆ ತಿರುಗಿಸ್ತಾಳೆ. ದಿನಕ್ಕೆ ಎಷ್ಟು ಸಲ ಮನೆಗೆ ಬರ್ತೀರಪ್ಪ ನೀವು? ಅಲ್ಲಿ ಸುಮೊ ಪಂದ್ಯ ಅರ್ಧ ಮುಗೀತು, ನಾನು ಇನ್ನೂ ಒಂದು ಕುಸ್ತಿ ನೋಡಿಲ್ಲ. ಬಂದು ಇವಳನ್ನ ಕರ್ಕೊಂಡು ಹೋಗಿ."

"ನಿಮ್ಮ ಸೊಂಟ, ಅತ್ತೇ?"

"ಅದು ಆಗಸ್ಟಿನಲ್ಲೇ ಸರಿಹೋಯ್ತು. ಪೇರ್ ಹಣ್ಣು ಬಿಡಿಸೋಕೆ ನಾನೇ ಏಣಿ ಹತ್ತಿದೀನಿ."

"ಮತ್ತೆ ಅವಳು ಯಾಕೆ ಅಲ್ಲೇ..."

"ನೀವು ಇರು ಅಂದ್ರಿ. ಇದ್ಳು."

ಫೋನು ಕೈ ಬದಲಾಯಿತು. ಆ ಕಡೆಯಿಂದ ಉಸಿರು ಕೇಳಿಸಿತು. ನಲವತ್ತಮೂರು ವರ್ಷ ಪಕ್ಕದಲ್ಲಿ ಕೇಳಿದ ಉಸಿರು, ಅವನಿಗೆ ಗುರುತು ಸಿಕ್ಕಿತು.

"ರೀ," ಎಂದಳು ನೊಬುಯೊ, "ನನ್ನ ದನಿ ಹಾಗಿದ್ಯಾ? ಕತ್ತು ಹಿಸುಕಿದ ಕೋಳಿ ಥರ?"

"ಸರಿಯಾಗಿ ನೆನಪಾಗ್ಲಿಲ್ಲ," ಎಂದ ಇವಾಕಿಚಿ. ಎಂಟು ತಿಂಗಳಿಂದ ಬಾಯಿಗೆ ಬಾರದಿದ್ದ ಮಾತು ಈಗ ಹೊರಬಂತು. "ಬಾ."

"ಕೇಳಿಸ್ಲಿಲ್ಲ. ಇಲ್ಲಿ ಟೀವಿ ಗಲಾಟೆ."

"ಟೀವಿ ಆರಿಸಿ ಆಗ್ಲೇ ಹತ್ತು ನಿಮಿಷ ಆಯ್ತು," ಎಂದು ಹಿಂದಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು.

ಇವಾಕಿಚಿ ಎದ್ದು ನಿಂತ. ಫೋನನ್ನು ಎರಡೂ ಕೈಯಲ್ಲಿ ಹಿಡಿದ. ಮಾನ ಹೇಗೂ ಹೋಗಿದೆ, ಇನ್ನು ಉಳಿಸಿ ಯಾರಿಗೆ ಕೊಡಬೇಕು ಎಂದು, ಇದ್ದ ಉಸಿರನ್ನೆಲ್ಲ ಕೂಡಿಸಿ, "ಬಾರೇ, ಬೇಗ ಬಾ, ನೀನಿಲ್ದೆ ಇರೋಕಾಗ್ತಿಲ್ಲ," ಎಂದು ಕೂಗಿದ.

ಓಣಿಯುದ್ದಕ್ಕೂ ಕೇಳಿಸಿತು. ಎದುರಂಗಡಿಯಲ್ಲಿ ತೋಫು ಕತ್ತರಿಸುತ್ತಿದ್ದ ಒಕಿಮಿ, ಏನು ಅನಾಹುತವಾಯಿತೋ ಎಂದು ಕತ್ತಿ ಕೆಳಗಿಟ್ಟು, ಒದ್ದೆ ಕೈಯಲ್ಲೇ ಓಡಿ ಬಂದು, ಬಾಗಿಲನ್ನು ಭರ್ರನೆ ಸರಿಸಿ, ತೊತ್ತೊರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಬಂದೆ ಅಣ್ಣಾ!"